ಹೊಸಪೇಟೆ–ಕೊಟ್ಟೂರು ರೈಲು ಮಾರ್ಗ

ಹೊಸಪೇಟೆ–ಕೊಟ್ಟೂರು ರೈಲು ಮಾರ್ಗವು ಕರ್ನಾಟಕದ ವಿಜಯನಗರ ಜಿಲ್ಲೆಯಲ್ಲಿ ಹೊಸಪೇಟೆಯಿಂದ ಹಗರಿಬೊಮ್ಮನಹಳ್ಳಿಯ ಮೂಲಕ ಕೊಟ್ಟೂರನ್ನು ತಲುಪುವ, ಸುಮಾರು 70 ಕಿ.ಮೀ. ಉದ್ದದ ಮಾರ್ಗವಾಗಿದೆ. 1905ರಲ್ಲಿ ಮೀಟರ್ ಗೇಜ್ ಶಾಖಾ ಮಾರ್ಗವಾಗಿ ಆರಂಭವಾದ ಇದು ಸುಮಾರು ಒಂದು ಶತಮಾನ ಕಾಲ ಕೊಟ್ಟೂರಿನಲ್ಲಿಯೇ ಕೊನೆಗೊಳ್ಳುತ್ತಿತ್ತು. ಈಗ ಇದು ಹರಪನಹಳ್ಳಿಯ ಮೂಲಕ ಹರಿಹರದವರೆಗೆ ವಿಸ್ತರಿಸಿದೆ.

ಹಿನ್ನೆಲೆ

1876–78ರ ಭೀಕರ ಕ್ಷಾಮದಲ್ಲಿ ಬಳ್ಳಾರಿ ಸೀಮೆ ತೀವ್ರ ಹಾನಿಗೆ ಒಳಗಾಯಿತು. ಬರಪೀಡಿತ ಪ್ರದೇಶಗಳಿಗೆ ಧಾನ್ಯ ಸಾಗಿಸಲು ರೈಲು ಮಾರ್ಗಗಳು ಅಗತ್ಯವೆಂಬ ಅಭಿಪ್ರಾಯ ಆ ಬಳಿಕ ಬಲಗೊಂಡಿತು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿಯು ಬಳ್ಳಾರಿ–ಹೊಸಪೇಟೆ–ಗದಗ ಮೀಟರ್ ಗೇಜ್ ಮಾರ್ಗವನ್ನು ನಿರ್ಮಿಸಿತು. ಕೊಟ್ಟೂರು ಶಾಖೆಯು ಹೊಸಪೇಟೆಯಲ್ಲಿ ಈ ಮಾರ್ಗದಿಂದ ಕವಲೊಡೆಯಿತು.

ಇತಿಹಾಸ

ಆಗ ಕೊಟ್ಟೂರು, ಕೂಡ್ಲಿಗಿ, ಹಡಗಲಿ ಮತ್ತು ಹರಪನಹಳ್ಳಿ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಹರಿಹರವು ಮೈಸೂರು ಸಂಸ್ಥಾನಕ್ಕೆ ಸೇರಿತ್ತು. 1953ರ ಅಕ್ಟೋಬರ್ 1ರಂದು ಈ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದ ನಂತರವೂ ಕೊಟ್ಟೂರಿನಿಂದ ಮುಂದಕ್ಕೆ ಹಳಿಗಳಿರಲಿಲ್ಲ.

ಮಾರ್ಗದ ಆಡಳಿತವು 1908ರಲ್ಲಿ ಮದ್ರಾಸ್ ಮತ್ತು ಸದರ್ನ್ ಮರಾಠಾ ರೈಲ್ವೆಗೆ, 1951ರಲ್ಲಿ ದಕ್ಷಿಣ ರೈಲ್ವೆಗೆ, ಮುಂದೆ ದಕ್ಷಿಣ ಮಧ್ಯ ರೈಲ್ವೆಗೆ ಹಾಗೂ 2003ರಲ್ಲಿ ನೈಋತ್ಯ ರೈಲ್ವೆಗೆ ಸೇರಿತು.

ಗೇಜ್ ಪರಿವರ್ತನೆ ಮತ್ತು ವಿಸ್ತರಣೆ

1990ರ ದಶಕದಲ್ಲಿ ಹೊಸಪೇಟೆಯ ಮುಖ್ಯ ಮಾರ್ಗವು 1,676 ಮಿ.ಮೀ. ಅಗಲದ ಬ್ರಾಡ್ ಗೇಜ್‌ಗೆ ಪರಿವರ್ತನೆಯಾಯಿತು. 1,000 ಮಿ.ಮೀ. ಅಗಲದ ಮೀಟರ್ ಗೇಜ್ ಬೋಗಿಗಳು ಅದರ ಮೇಲೆ ಚಲಿಸಲಾರವು. ಹೀಗಾಗಿ ಕೊಟ್ಟೂರು ಶಾಖೆಯನ್ನೂ ಬ್ರಾಡ್ ಗೇಜ್‌ಗೆ ಬದಲಾಯಿಸಬೇಕಾಯಿತು. ಈ ಅವಧಿಯಲ್ಲಿ ನಿಂತುಹೋದ ಪ್ರಯಾಣಿಕ ರೈಲು ಹಲವು ವರ್ಷ ಮರಳಲಿಲ್ಲ. ಜನರು ಬಸ್ಸುಗಳನ್ನೇ ಅವಲಂಬಿಸಿದರು. ಕೊಟ್ಟೂರು–ಹರಿಹರ ನಡುವೆ ಸುಮಾರು 65 ಕಿ.ಮೀ. ಹೊಸ ಹಳಿ ನಿರ್ಮಾಣವಾದ ಬಳಿಕ, 2019ರಲ್ಲಿ ಹೊಸಪೇಟೆ–ಹರಿಹರ ಪ್ರಯಾಣಿಕ ರೈಲು ಸಂಚಾರ ಆರಂಭವಾಯಿತು.

ಮಾರ್ಗ

ಹೊಸಪೇಟೆಯಿಂದ ಹೊರಡುವ ಮಾರ್ಗವು ಮರಿಯಮ್ಮನಹಳ್ಳಿ, ಹಗರಿಬೊಮ್ಮನಹಳ್ಳಿ ಮತ್ತು ಮಾಲವಿ ಮೂಲಕ ಕೊಟ್ಟೂರನ್ನು ಸೇರುತ್ತದೆ. ಅಲ್ಲಿಂದ ಹರಪನಹಳ್ಳಿ ಹಾಗೂ ತೆಲಗಿಯನ್ನು ದಾಟಿ ಹರಿಹರ ತಲುಪುತ್ತದೆ. ಹೊಸಪೇಟೆ ಸಮೀಪದ ಗುಂಡಾ ರೋಡ್ ನಿಲ್ದಾಣದಿಂದ ಸ್ವಾಮಿಹಳ್ಳಿಗೆ ಹೋಗುವ ಶಾಖೆಯು ಸಂಡೂರು ಪ್ರದೇಶದ ಅದಿರು ಸಾಗಣೆಗೆ ಸಂಬಂಧಿಸಿದೆ.

ಪ್ರಾಮುಖ್ಯತೆ

ಹರಿಹರವು ಬೆಂಗಳೂರು–ಹುಬ್ಬಳ್ಳಿ ಮಾರ್ಗದಲ್ಲಿರುವುದರಿಂದ, ಹಿಂದೆ ಉತ್ತರಕ್ಕೆ ಮಾತ್ರ ರೈಲು ಸಂಪರ್ಕವಿದ್ದ ಕೊಟ್ಟೂರಿಗೆ ದಾವಣಗೆರೆ ಹಾಗೂ ಬೆಂಗಳೂರಿನ ಕಡೆಗೂ ನೇರ ಹಾದಿ ತೆರೆದಿದೆ. ಗುರು ಕೊಟ್ಟೂರೇಶ್ವರ ರಥೋತ್ಸವಕ್ಕೆ ಬರುವ ಭಕ್ತರಿಗೂ ಇದು ಅನುಕೂಲಕರವಾಗಿದೆ. ಕೂಡ್ಲಿಗಿ ಮತ್ತು ಹೂವಿನಹಡಗಲಿ ಪಟ್ಟಣಗಳು ಈ ಮಾರ್ಗದಿಂದ ಹೊರಗಿದ್ದು, ರೈಲು ಹಿಡಿಯಲು ಅಲ್ಲಿನ ಜನರು ರಸ್ತೆಯ ಮೂಲಕ ಕೊಟ್ಟೂರು ಅಥವಾ ಹಗರಿಬೊಮ್ಮನಹಳ್ಳಿಯಂತಹ ನಿಲ್ದಾಣಗಳಿಗೆ ಬರಬೇಕಾಗುತ್ತದೆ.