ನಳಿಗೆಗೆ ಬಿಸಿನೀರಿನ ಸ್ನಾನ

ಪ್ರಶ್ನೆ: ಎರಡನೇ ಮಹಾಯುದ್ಧದ ಸೈನಿಕರು ರೈಫಲ್‌ನ ನಳಿಗೆಗೆ ಬಿಸಿನೀರು ಹುಯ್ದು ತೊಳೆಯುತ್ತಿದ್ದರಂತೆ. ತುಕ್ಕು ಹಿಡಿಯುತ್ತಿರಲಿಲ್ಲವೇ?

ಉತ್ತರ: ತುಕ್ಕು ಹಿಡಿಯಬಾರದೆಂದೇ ತೊಳೆಯುತ್ತಿದ್ದರು! 1936ರಲ್ಲಿ ಅಮೆರಿಕದ ಸೇನೆ ಒಪ್ಪಿಕೊಂಡ ಎಂ1 ಗ್ಯಾರಂಡ್ ಎಂಬ ಅರೆಸ್ವಯಂಚಾಲಿತ ರೈಫಲನ್ನೇ ನೋಡಿ. ಆ ಕಾಲದ ಅದರ ತೋಟಾಗಳಲ್ಲಿ ಮದ್ದಿಗೆ ಕಿಡಿ ಹೊತ್ತಿಸುವ ಪ್ರೈಮರ್‌ನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಗುಂಡು ಹಾರಿದಾಗ ಅದು ಪೊಟ್ಯಾಸಿಯಂ ಕ್ಲೋರೈಡ್ ಆಗಿ, ಅಂದರೆ ಅಡುಗೆ ಉಪ್ಪಿನ ಹತ್ತಿರದ ನೆಂಟನಾಗಿ, ನಳಿಗೆಯೊಳಗೆ ಕೂರುತ್ತಿತ್ತು. ಆ ಉಪ್ಪು ಗಾಳಿಯ ತೇವ ಹೀರಿಕೊಂಡರೆ ಉಕ್ಕು ಕೆಟ್ಟಂತೆಯೇ. ಎಣ್ಣೆಯಲ್ಲಿ ಉಪ್ಪು ಕರಗದು, ನೀರಿನಲ್ಲಿ ಕರಗುತ್ತದೆ. ಬಿಸಿನೀರಾದರೆ ಲೋಹವೂ ಕಾದು ಬೇಗ ಒಣಗುತ್ತದೆ. ಆಮೇಲೆ ಸರಳಿಗೆ ಬಟ್ಟೆಯ ತುಂಡು ಸಿಕ್ಕಿಸಿ ಒರೆಸುವುದು, ತೇವವೆಲ್ಲ ಹೋದ ಮೇಲೆ ತೆಳುವಾಗಿ ಎಣ್ಣೆ ಸವರುವುದು.

ಎಲ್ಲ ಭಾಗಕ್ಕೂ ಎಣ್ಣೆಯಲ್ಲ. ಮಳೆಗೆ ಎಣ್ಣೆ ತೊಳೆದುಹೋಗುವುದರಿಂದ ಹಿಂದೆಮುಂದೆ ಸರಿಯುವ ಬೋಲ್ಟ್, ಆಪರೇಟಿಂಗ್ ರಾಡ್‌ಗಳು ಉಜ್ಜಾಡುವ ಕಡೆ ಗ್ರೀಸ್ ಹಚ್ಚುತ್ತಿದ್ದರು. ಮದ್ದು ಉರಿದ ಅನಿಲ ಪಿಸ್ಟನ್ನನ್ನು ತಳ್ಳುವ ಗ್ಯಾಸ್ ಸಿಲಿಂಡರಿನ ಒಳಗಂತೂ ಏನೂ ಬೇಡ. ಅಲ್ಲಿ ಎಣ್ಣೆ ಸುಟ್ಟು ಮಸಿಗಟ್ಟಿ ಪಿಸ್ಟನ್‌ಗೇ ಅಡ್ಡಿ. ಎಣ್ಣೆ ಹೆಚ್ಚಾದಷ್ಟೂ ಒಳ್ಳೆಯದೆಂಬ ನಂಬಿಕೆ ಹೊಲಿಗೆ ಯಂತ್ರಕ್ಕೂ ಸಲ್ಲದು.

ಅಂದಹಾಗೆ, ಅದೇ ಯುದ್ಧದ ಹಗುರ ಬಂದೂಕು ಎಂ1 ಕಾರ್ಬೈನ್‌ಗೆ ಅಮೆರಿಕದಲ್ಲಿ ತಯಾರಾದ ತೋಟಾಗಳಲ್ಲಿ ಕ್ಲೋರೇಟ್ ಇರಲಿಲ್ಲ, ಹಾಗಾಗಿ ಈ ಸ್ನಾನವೂ ಬೇಕಿರಲಿಲ್ಲ. ಇಂದಿನ ಬಹುಪಾಲು ತೋಟಾಗಳಿಗೂ ಬೇಕಿಲ್ಲ.