ಗದ್ದೆ ಹಡಿಲು, ಬಟ್ಟಲು ಭರ್ತಿ

ಪಡುಬಿದ್ರಿಯಿಂದ ಕಾರ್ಕಳಕ್ಕೆ ಹೋಗುವ ರಸ್ತೆಯಲ್ಲಿ ಮೊದಲಿಗೆ ಸಿಗುವ ಊರುಗಳಲ್ಲಿ ನಂದಿಕೂರು ಒಂದು. ಪಕ್ಕದ ಎಲ್ಲೂರಿನಲ್ಲಿ 1200 ಮೆಗಾವಾಟಿನ ಉಷ್ಣ ವಿದ್ಯುತ್ ಸ್ಥಾವರ, ಇಲ್ಲಿ ಕೈಗಾರಿಕಾ ಪ್ರದೇಶ, ನಡುನಡುವೆ ಹಡಿಲು ಬಿದ್ದ ಗದ್ದೆಗಳು. ಬೈಲು ಗದ್ದೆಯಲ್ಲಿ ಎಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ ತೆಗೆದವರ ಮಕ್ಕಳು ಈಗ ಮುಂಬಯಿಯಲ್ಲಿದ್ದಾರೆ, ಗಲ್ಫ್‌ನಲ್ಲಿದ್ದಾರೆ, ಮಣಿಪಾಲದಲ್ಲಿ ಕುರ್ಚಿಯ ಕೆಲಸದಲ್ಲಿದ್ದಾರೆ. ಆದರೆ ಬಟ್ಟಲಿಗೆ ಬೀಳುವ ಅನ್ನದ ರಾಶಿ ಮಾತ್ರ ಉತ್ತವನ ಹಸಿವಿನ ಅಳತೆಯದ್ದೇ. ಕರಾವಳಿಯಲ್ಲಿ 'ಶುಗರ್ ಉಂಟು' ಎಂಬ ಮಾತು ಮನೆಮನೆಯದ್ದಾಗಲು ಸಕ್ಕರೆಗಿಂತ ಈ ಲೆಕ್ಕ ತಪ್ಪಿದ್ದೇ ದೊಡ್ಡ ಕಾರಣ ಎಂದು ನನಗನಿಸುತ್ತದೆ.

ಊಟದ ಪಿಷ್ಟ ಗ್ಲೂಕೋಸ್ ಆಗಿ ರಕ್ತಕ್ಕೆ ಇಳಿಯುತ್ತದೆ. ಮೇದೋಜೀರಕ ಗ್ರಂಥಿಯ ಇನ್ಸುಲಿನ್ ಅದನ್ನು ಜೀವಕೋಶದೊಳಗೆ ದಾಟಿಸಬೇಕು. ಈ ಗ್ಲೂಕೋಸಿನ ದೊಡ್ಡ ಗಿರಾಕಿ ನಮ್ಮ ಸ್ನಾಯು. ದುಡಿಯುವ ಸ್ನಾಯು ಇನ್ಸುಲಿನ್‌ನ ಹಂಗು ಹೆಚ್ಚಿಲ್ಲದೆಯೂ ಗ್ಲೂಕೋಸನ್ನು ಎಳೆದುಕೊಳ್ಳುತ್ತದೆ. ನೇಜಿ ನೆಡುವಾಗ, ಕೊಯ್ಲಿನ ಹೊರೆ ಹೊರುವಾಗ ಆಗುತ್ತಿದ್ದುದು ಇದೇ. ಕೂತ ಮೈಗೆ ಅದೇ ಊಟ ಬಿದ್ದರೆ ಗ್ಲೂಕೋಸ್ ರಕ್ತದಲ್ಲೇ ನಿಲ್ಲುತ್ತದೆ, ಮಿಕ್ಕದ್ದು ಕೊಬ್ಬಾಗಿ ಹೊಟ್ಟೆ, ಪಿತ್ತಜನಕಾಂಗ ಸೇರುತ್ತದೆ. ಆಮೇಲೆ ಇನ್ಸುಲಿನ್ ಇದ್ದರೂ ಮೈ ಅದರ ಮಾತು ಕೇಳುವುದಿಲ್ಲ.

'ನಾನು ಸಪೂರ ಇದ್ದೇನೆ, ನನಗೇನು?' ಎನ್ನುವವರೂ ಉಂಟು. ಕೈಕಾಲು ಸಪೂರವಿದ್ದರೂ ಭಾರತೀಯರ ಮೈಯೊಳಗೆ ಕೊಬ್ಬಿನ ಪಾಲು ಹೆಚ್ಚು ಎಂಬುದನ್ನು ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ಅಧ್ಯಯನಗಳು ತೋರಿಸಿಕೊಟ್ಟಿವೆ. ತೂಕದ ಯಂತ್ರಕ್ಕಿಂತ ದರ್ಜಿಯ ಟೇಪು ಹೆಚ್ಚು ಸತ್ಯ ಹೇಳುತ್ತದೆ: ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದು.

2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮಧುಮೇಹಿಗಳು 10.1 ಕೋಟಿ, ಅದರ ಹೊಸ್ತಿಲಲ್ಲಿ ನಿಂತವರು 13.6 ಕೋಟಿ. ದೇಶದ ಸರಾಸರಿ ಶೇ 11.4 ಇದ್ದರೆ ನಮ್ಮ ಬಡಗಿನ ಗೋವಾದಲ್ಲಿ ಶೇ 26.4, ತೆಂಕಿನ ಕೇರಳದಲ್ಲಿ ಶೇ 25.5. ಅನ್ನ, ಮೀನು, ತೆಂಗಿನಕಾಯಿ ಅಲ್ಲೂ ನಮ್ಮಂತೆಯೇ.

ಕುಚ್ಚಲಕ್ಕಿ ತಿಂದರೆ ಶುಗರ್ ಬಾರದು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿ. ತೌಡು ಉಳಿದ ಕೆಂಪು ಕುಚ್ಚಲಕ್ಕಿ ಪಾಲಿಶ್ ಮಾಡಿದ ಬೆಳ್ತಿಗೆಗಿಂತ ಒಳ್ಳೆಯದು, ನಿಜ. ಆದರೂ ಅಕ್ಕಿಯ ಮುಕ್ಕಾಲು ಪಾಲು ಪಿಷ್ಟವೇ. ಎರಡು ಬಟ್ಟಲು ಗಂಜಿಗೆ ಒಂದು ಮಿಡಿ ಉಪ್ಪಿನಕಾಯಿ ನಂಚಿಕೊಂಡರೆ ಅದು ಪಥ್ಯವಾಗದು. ನಮ್ಮ ಅಡುಗೆಯಲ್ಲೇ ದಾರಿ ಇದೆ. ಅನ್ನ ಅರ್ಧವಾಗಲಿ, ಬಸಳೆ, ಹುರುಳಿ, ಹೆಸರು, ಮಟ್ಟುಗುಳ್ಳ, ಬೂತಾಯಿ ಆ ಜಾಗಕ್ಕೆ ಬರಲಿ. ಮೈದಾ, ಬಾಳೆಹಣ್ಣು, ಸಕ್ಕರೆ ಕಲಸಿ ಕರಿದ ಬನ್ಸ್ ಸಂಜೆಯ ರೂಢಿಯಾಗುವುದು ಬೇಡ. (ಹಬ್ಬದ ದಿನ ಒಂದು ತಿಂದರೆ ನಾನು ಜಗಳಕ್ಕೆ ಬರುವುದಿಲ್ಲ.) ಊಟ ಮುಗಿದ ಕೂಡಲೇ ಮಂಚ ಹುಡುಕುವ ಬದಲು ಹದಿನೈದು ನಿಮಿಷ ಅಂಗಳದಲ್ಲಿ ಸುತ್ತಿದರೂ ಸ್ನಾಯು ತನ್ನ ಪಾಲು ಕೇಳಿ ಪಡೆಯುತ್ತದೆ.

ಇದರಿಂದ ಕಾಯಿಲೆ ತಪ್ಪುತ್ತದೆಯೇ? ಹೊಸ್ತಿಲಲ್ಲಿದ್ದವರ ಮೇಲೆ ಚೆನ್ನೈನ ಡಾ. ಎ. ರಾಮಚಂದ್ರನ್ ತಂಡ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಊಟ ಮತ್ತು ನಡಿಗೆ ತಿದ್ದಿಕೊಂಡವರಲ್ಲಿ ಮಧುಮೇಹದ ಅಪಾಯ ಶೇ 28.5ರಷ್ಟು ತಗ್ಗಿತು. ಮೆಟ್‌ಫಾರ್ಮಿನ್ ಮಾತ್ರೆ ತಗ್ಗಿಸಿದ್ದು ಶೇ 26.4. ಎರಡನ್ನೂ ಸೇರಿಸಿದರೆ ಹೆಚ್ಚಿನ ಲಾಭವೇನೂ ಸಿಗಲಿಲ್ಲ. ಹಾಗೆಂದು ಕಾಯಿಲೆ ಬಂದ ಮೇಲೆ ಹಾಗಲದ ರಸ ನಂಬಿ ಮಾತ್ರೆ ಬಿಡುವುದು ಶುದ್ಧ ದುಡುಕು.

ಈಗಾಗಲೇ ಶುಗರ್ ಇರುವವರಿಗೆ ನಮ್ಮೂರಿನದ್ದೇ ಒಂದು ಮಾತು. ಹಲವು ವರ್ಷದ ಮಧುಮೇಹ ಪಾದದ ನರಗಳ ಸ್ಪರ್ಶಜ್ಞಾನ ಕೆಡಿಸುತ್ತದೆ. ಮಧ್ಯಾಹ್ನದ ಮಹಾಪೂಜೆಗೆ, ನೇಮದ ಅಂಗಳಕ್ಕೆ ಬರಿಗಾಲಲ್ಲಿ ಹೋದಾಗ ಕಾದ ಕಲ್ಲು ಸುಟ್ಟರೂ ಗೊತ್ತಾಗುವುದಿಲ್ಲ. ಬೊಬ್ಬೆ ಹುಣ್ಣಾಗಿ, ಕೊಳೆತು, ಬೆರಳು ಕಡಿಯುವಲ್ಲಿಗೆ ಮುಟ್ಟಬಹುದು. ದೇವಸ್ಥಾನಕ್ಕೆ ತಂಪು ಹೊತ್ತಿನಲ್ಲಿ ಹೋಗಿ, ರಾತ್ರಿ ಮಲಗುವ ಮುನ್ನ ಎರಡೂ ಅಂಗಾಲು ನೋಡಿಕೊಳ್ಳಿ. ಬಗ್ಗಲಾಗದವರಿಗೆ ಒಂದು ಕನ್ನಡಿ ಸಾಕು.

ಉಳಿದವರು ಲಕ್ಷಣಕ್ಕೆ ಕಾಯಬೇಡಿ. ಈ ಕಾಯಿಲೆ ವರ್ಷಗಟ್ಟಲೆ ಸದ್ದಿಲ್ಲದೆ ಇರಬಲ್ಲದು. ಮೂವತ್ತು ದಾಟಿದವರು, ಅದರಲ್ಲೂ ಅಪ್ಪ ಅಮ್ಮನಿಗೆ ಶುಗರ್ ಇದ್ದವರು ಮತ್ತು ಬಸಿರಿನಲ್ಲಿ ಶುಗರ್ ಕಂಡಿದ್ದ ಹೆಂಗಸರು, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪರೀಕ್ಷಿಸಿಕೊಳ್ಳಿ. ಖಾಲಿ ಹೊಟ್ಟೆಯಲ್ಲಿ 126 ಅಥವಾ ಹೆಚ್ಚು ಬಂದು, ಮರುಪರೀಕ್ಷೆಯಲ್ಲೂ ಅಷ್ಟೇ ಇದ್ದರೆ ಅದು ಮಧುಮೇಹ. 100ರಿಂದ 125ರ ನಡುವೆ ಬಂದರೆ ಅನ್ನದ ಕೈಲನ್ನು ಆ ರಾತ್ರಿಯಿಂದಲೇ ಸಣ್ಣದು ಮಾಡಿ.