ಮಳೆಗೆ ಕುಸಿದ ಶಾಲೆ: ದುರಸ್ತಿಗೆ ಹಣ ಎಲ್ಲಿಂದ?

ಮೈಸೂರು: 2021ರ ಅಕ್ಟೋಬರ್‌ನಲ್ಲಿ ಸುರಿದ ಭಾರಿ ಮಳೆಗೆ ಚಾಮುಂಡಿ ಬೆಟ್ಟದ ನಂದಿ ವಿಗ್ರಹದ ಬಳಿ ರಸ್ತೆ ಕುಸಿದು, ಆ ಮಾರ್ಗದಲ್ಲಿ ಸಂಚಾರ ಸ್ಥಗಿತಗೊಂಡಿತು. ರಸ್ತೆ ಕುಸಿದರೆ ಊರಿಗೆಲ್ಲ ಕಾಣುತ್ತದೆ. ಅಂತಹದೇ ಮಳೆಗೆ ಸರ್ಕಾರಿ ಶಾಲೆಯ ಗೋಡೆ ಉರುಳಿದರೆ ಅದನ್ನು ಕಟ್ಟಿಸಿಕೊಡುವವರು ಯಾರು?

ಮೊದಲ ಆಸರೆ ರಾಜ್ಯ ವಿಪತ್ತು ಸ್ಪಂದನಾ ನಿಧಿ (ಎಸ್‌ಡಿಆರ್‌ಎಫ್). 2005ರ ವಿಪತ್ತು ನಿರ್ವಹಣಾ ಕಾಯ್ದೆಯನ್ವಯ ರಚನೆಯಾದ ಈ ನಿಧಿಗೆ ಕರ್ನಾಟಕದಲ್ಲಿ ಕೇಂದ್ರ ಸರ್ಕಾರ ಶೇ 75, ರಾಜ್ಯ ಸರ್ಕಾರ ಶೇ 25ರಷ್ಟು ಪಾಲು ನೀಡುತ್ತವೆ. ನೆರೆ, ಭೂಕುಸಿತ, ಮೇಘಸ್ಫೋಟದಂತಹ ಅಧಿಸೂಚಿತ ವಿಪತ್ತುಗಳಿಗೆ ಮಾತ್ರ ಇದು ಅನ್ವಯ. ನಿರ್ವಹಣೆಯಿಲ್ಲದೆ ಶಿಥಿಲಗೊಂಡ ಕಟ್ಟಡಕ್ಕೆ ಇಲ್ಲಿ ಹಣವಿಲ್ಲ.

ದುರಸ್ತಿಗಷ್ಟೇ ನೆರವು

ಹೆಸರೇ ಸೂಚಿಸುವಂತೆ ಇದು ತಕ್ಷಣದ ಸ್ಪಂದನೆಗೆ ಮೀಸಲಾದ ನಿಧಿ. 2015-20ರ ಅವಧಿಯ ಕೇಂದ್ರದ ಮಾನದಂಡದಲ್ಲಿ ಹಾನಿಗೊಂಡ ಪ್ರಾಥಮಿಕ ಶಾಲೆಯೊಂದಕ್ಕೆ ಗರಿಷ್ಠ 1.5 ಲಕ್ಷ ರೂಪಾಯಿ ನಿಗದಿಯಾಗಿತ್ತು. ಹೆಂಚು ಹೊದಿಸಲು, ಬಿರುಕು ಮುಚ್ಚಲು ಇದು ಸಾಕಾದೀತು. ಕುಸಿದ ಕೊಠಡಿಯನ್ನು ತಳಪಾಯದಿಂದ ಎಬ್ಬಿಸಲು ಸಾಲದು. 2019ರ ಆಗಸ್ಟ್ ನೆರೆಯಿಂದ ಆದ ನಷ್ಟವನ್ನು ರಾಜ್ಯ ಸರ್ಕಾರ ಸುಮಾರು 35 ಸಾವಿರ ಕೋಟಿ ರೂಪಾಯಿ ಎಂದು ಅಂದಾಜಿಸಿತ್ತು. ಆ ಅಕ್ಟೋಬರ್‌ನಲ್ಲಿ ಕೇಂದ್ರ ಬಿಡುಗಡೆ ಮಾಡಿದ ಮಧ್ಯಂತರ ನೆರವು 1,200 ಕೋಟಿ ರೂಪಾಯಿ. ನಷ್ಟಕ್ಕೂ ನೆರವಿಗೂ ಇರುವ ಈ ಅಂತರದ ಭಾರವನ್ನು ಹೊರುವ ಕಟ್ಟಡಗಳಲ್ಲಿ ಶಾಲೆಗಳೂ ಸೇರಿವೆ.

ಪುನರ್ನಿರ್ಮಾಣಕ್ಕೆ ಪ್ರತ್ಯೇಕ ಪಾಲು

ಈ ಕೊರತೆಯನ್ನು 15ನೇ ಹಣಕಾಸು ಆಯೋಗ ಗುರುತಿಸಿತು. 2021-26ರ ಅವಧಿಗೆ ರಾಜ್ಯಗಳ ವಿಪತ್ತು ನಿಧಿಯಲ್ಲಿ ಶೇ 40ನ್ನು ಸ್ಪಂದನೆ ಹಾಗೂ ಪರಿಹಾರಕ್ಕೆ, ಶೇ 30ನ್ನು ಚೇತರಿಕೆ ಹಾಗೂ ಪುನರ್ನಿರ್ಮಾಣಕ್ಕೆ, ಶೇ 10ನ್ನು ಸಿದ್ಧತೆಗೆ, ಉಳಿದ ಶೇ 20ನ್ನು ವಿಪತ್ತು ತಗ್ಗಿಸುವ ಕಾಮಗಾರಿಗಳಿಗೆ ಹಂಚಲು ಶಿಫಾರಸು ಮಾಡಿತು. ಪುನರ್ನಿರ್ಮಾಣವೂ ವಿಪತ್ತು ನಿರ್ವಹಣೆಯ ಭಾಗವೆಂದು ಇದರಿಂದ ಸ್ಪಷ್ಟವಾಯಿತು.

ಆದರೂ ಹೊಸ ಕೊಠಡಿಗಳಿಗೆ ರಾಜ್ಯ ಬಜೆಟ್ಟೇ ದೊಡ್ಡ ಆಧಾರ. 2022ರಲ್ಲಿ ‘ವಿವೇಕ’ ಯೋಜನೆಯಡಿ 7,601 ಕೊಠಡಿಗಳ ನಿರ್ಮಾಣಕ್ಕೆ ಚಾಲನೆ ದೊರೆತದ್ದು ಇದಕ್ಕೆ ನಿದರ್ಶನ. ಗ್ರಾಮೀಣ ಶಾಲೆಗಳಿಗೆ ನಬಾರ್ಡ್‌ನ ಗ್ರಾಮೀಣ ಮೂಲಸೌಕರ್ಯ ನಿಧಿಯ ಸಾಲವೂ ಉಂಟು.

ದಾಖಲೆಯೇ ಮುಖ್ಯ

ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಹಾನಿಯ ಸಮೀಕ್ಷೆಯಲ್ಲಿ ಶಾಲೆಯ ಹೆಸರು ಸೇರದಿದ್ದರೆ ನೆರವಿನ ಪಟ್ಟಿಯಲ್ಲೂ ಸೇರುವುದು ಕಷ್ಟ. ಮಳೆ ನಿಂತ ಕೂಡಲೇ ಮುಖ್ಯ ಶಿಕ್ಷಕರು ಮತ್ತು ಶಾಲಾಭಿವೃದ್ಧಿ ಸಮಿತಿಯವರು ಛಾಯಾಚಿತ್ರಸಹಿತ ವರದಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿ ಹಾಗೂ ತಹಶೀಲ್ದಾರರಿಗೆ ಸಲ್ಲಿಸುವುದು ಒಳಿತು. ವಿಳಂಬವಾದಷ್ಟೂ, ಹಾನಿ ಮಳೆಯಿಂದಾದದ್ದೋ ಹಳತಾದ ಕಾರಣಕ್ಕೋ ಎಂಬ ತಕರಾರಿಗೆ ಎಡೆಯಾಗುತ್ತದೆ. ಅಲ್ಲಿಯವರೆಗೆ ಮಕ್ಕಳ ಪಾಠ ಜಗಲಿಯ ಮೇಲೆ ನಡೆಯಬೇಕಾಗುತ್ತದೆ.